ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಎಷ್ಟು ಇಂಚಿನ ಟೈರ್?

ನಮಸ್ಕಾರ. ತೋಟದ ಕೆಲಸಕ್ಕೆಂದು ಎಟಿವಿ (ಬೈಕಿನಂತೆ ಕೂತು ಓಡಿಸುವ, ದಪ್ಪ ಟೈರಿನ ನಾಲ್ಕು ಗಾಲಿಯ ಗಾಡಿ) ಕೊಂಡವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: ಮಳೆಗಾಲದೊಳಗೆ ಇನ್ನೂ ದೊಡ್ಡ ಟೈರ್ ಹಾಕಿಸಲೇ? ವಿಜಯಪುರದ ನೆಲದ ಮಟ್ಟಿಗೆ ನನ್ನ ಉತ್ತರ ಇಷ್ಟು: ಎತ್ತರವನ್ನು ಒಂದು ಇಂಚಿಗಿಂತ ಹೆಚ್ಚಿಸಬೇಡಿ, ರಿಮ್ಮಿನ ಅಳತೆಯನ್ನು ಮುಟ್ಟಲೇಬೇಡಿ.

ಟೈರಿನ ಪಕ್ಕದಲ್ಲಿ 25×8-12 ಎಂದಿದ್ದರೆ ಅದರ ಎತ್ತರ 25 ಇಂಚು, ಅಗಲ 8 ಇಂಚು, ಅದು ಕೂರುವ ರಿಮ್ಮಿನ ವ್ಯಾಸ 12 ಇಂಚು ಎಂದರ್ಥ. ಹಿಂದಿನ ಗಾಲಿಗೆ ಸಾಮಾನ್ಯವಾಗಿ ಅದೇ ಎತ್ತರದ, ಆದರೆ 10 ಇಂಚು ಅಗಲದ ಟೈರ್ ಇರುತ್ತದೆ.

ಹೋದ ವರ್ಷ ನಾನು ಅಂಗಡಿಯವರ ಮಾತು ನಂಬಿ 27 ಇಂಚಿನ ಕೆಸರು ಟೈರ್ ಹಾಕಿಸಿದೆ. ನೋಡಲು ಗಾಡಿ ಗಂಭೀರವಾಗಿ ಕಂಡಿತು. ಆದರೆ 200 ಲೀಟರ್ ಔಷಧದ ಟ್ಯಾಂಕನ್ನು ಹಿಂದೆ ಕಟ್ಟಿಕೊಂಡು ದ್ರಾಕ್ಷಿ ಸಾಲಿನೊಳಗೆ ನಿಧಾನವಾಗಿ ಹೊರಟಾಗ ಗೇರಿನ ಬೆಲ್ಟ್ ಜಾರತೊಡಗಿತು, ಸುಟ್ಟ ರಬ್ಬರಿನ ವಾಸನೆ ಬಂತು. 25ರಿಂದ 27ಕ್ಕೆ ಹೋದರೆ ನೆಲದಿಂದ ಸಿಗುವ ಎತ್ತರ ಒಂದೇ ಇಂಚು, ಏಕೆಂದರೆ ಅಚ್ಚಿನ ಕೆಳಗೆ ಇರುವುದು ಗಾಲಿಯ ಅರ್ಧ ಮಾತ್ರ. ಅದಕ್ಕೆ ಪ್ರತಿಯಾಗಿ ಗಾಲಿಯ ಸುತ್ತಳತೆ ಶೇ 8ರಷ್ಟು ಬೆಳೆಯುತ್ತದೆ, ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ.

ನಮ್ಮ ಹಿರಿಯರ ಚಕ್ಕಡಿಗೆ ಅಷ್ಟು ದೊಡ್ಡ ಗಾಲಿ ಇರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇತ್ತು, ಮತ್ತು ಅದು ಸರಿಯೇ ಆಗಿತ್ತು: ಕಬ್ಬಿಣದ ಹಳಿ ಕಟ್ಟಿದ ಎತ್ತರದ ಗಾಲಿ ಬಿರುಕು ಬಿಟ್ಟ ಎರಿ ನೆಲವನ್ನೂ ತಗ್ಗುಗಳನ್ನೂ ಸಲೀಸಾಗಿ ದಾಟುತ್ತಿತ್ತು. ಆದರೆ ಅಲ್ಲಿ ಎತ್ತುಗಳು ಗಾಡಿಯನ್ನು ಎಳೆಯುತ್ತಿದ್ದವು, ಗಾಲಿ ತಾನಾಗಿ ಉರುಳುತ್ತಿತ್ತು. ಇಲ್ಲಿ ಎಂಜಿನ್ ಗಾಲಿಯನ್ನು ನಡುವಿನಿಂದ ತಿರುಗಿಸಬೇಕು. ಉರುಳುವ ಗಾಲಿಗೆ ದೊಡ್ಡತನ ವರವಾದರೆ, ತಿರುಗಿಸಬೇಕಾದ ಗಾಲಿಗೆ ಅದು ಭಾರವಾಗುತ್ತದೆ.

ಅಗಲದ ವಿಷಯವನ್ನು ಮಣ್ಣೇ ತೀರ್ಮಾನಿಸಬೇಕು. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಮೇಲಿನ ತೆಳು ಕೆಸರಿನ ಕೆಳಗೆ ಗಟ್ಟಿ ಪದರು ಸಿಗುವುದರಿಂದ ಕಿರಿದಾದ ಟೈರ್ ಕೆಸರನ್ನು ಸೀಳಿ ಹಿಡಿತ ಸಾಧಿಸುತ್ತದೆ. ಡೋಣಿ ನದಿಯ ದಂಡೆಯಂಥ ಆಳವಾದ ಎರಿಯಲ್ಲಿ ಅದು ಇಳಿಯುತ್ತಲೇ ಹೋಗುತ್ತದೆ, ಅಲ್ಲಿ ಅಗಲವಾದ ಟೈರೇ ಬೇಕು. ಆದರೆ ನೀರುಂಡ ಎರಿ ಮಣ್ಣು ಟೈರಿನ ಸಂದುಗಳಲ್ಲಿ ಮೆತ್ತಿಕೊಂಡು ಗಾಲಿಯನ್ನೇ ಮಣ್ಣಿನ ಉಂಡೆ ಮಾಡುವುದರಿಂದ, ಅಗಲಕ್ಕಿಂತ ಟೈರಿನ ಗುಬ್ಬಿಗಳ (ಮೇಲಿನ ಉಬ್ಬುಗಳ) ನಡುವಿನ ಅಂತರ ಮುಖ್ಯ. ಅಂತರ ಹೆಚ್ಚಿದ್ದರೆ ತಿರುಗುವಾಗ ಮಣ್ಣು ಸಿಡಿದು ಬೀಳುತ್ತದೆ. ಮಡ್‌ಗಾರ್ಡಿನೊಳಗೂ ಜಾಗ ಉಳಿಯಬೇಕು. ಹದ ಬಾರದ ಹೊಲಕ್ಕೆ ಯಾವ ಟೈರಿನ ಗಾಡಿಯನ್ನೂ ಇಳಿಸದಿರುವುದು ನೆಲಕ್ಕೂ ಒಳ್ಳೆಯದು.

ಈಗ ರಿಮ್. 14 ಇಂಚಿನ ಅಲಾಯ್ ಹಾಕಿಸಬೇಕೆಂಬ ಆಸೆ ಹುಡುಗರಲ್ಲಿ ಬಹಳ. 25 ಇಂಚಿನ ಟೈರಿಗೆ 12ರ ರಿಮ್ಮಿದ್ದಾಗ ನೆಲಕ್ಕೂ ರಿಮ್ಮಿಗೂ ನಡುವೆ ಆರೂವರೆ ಇಂಚು ರಬ್ಬರ್ ಇರುತ್ತದೆ, 14 ಹಾಕಿದರೆ ಐದೂವರೆ. ವೇಗವಾಗಿ ತಿರುವು ತೆಗೆದುಕೊಳ್ಳುವವರಿಗೆ ಆ ಬಿಗುವು ಬೇಕಾಗಬಹುದು. ನಮ್ಮ ಹೊಲದ ಬದುವಿನ ಕರಿಗಲ್ಲು ತಾಗಿದಾಗ ಪೆಟ್ಟು ತಿನ್ನಬೇಕಾದುದು ರಬ್ಬರ್, ರಿಮ್ ಅಲ್ಲ. ಜೊತೆಗೆ ಜಾಲಿ ಮುಳ್ಳನ್ನು ಮರೆಯಬೇಡಿ: ಟೈರ್ ಕೊಳ್ಳುವಾಗ ಕನಿಷ್ಠ 6 ಪ್ಲೈ (ಟೈರಿನ ಒಳಪದರುಗಳ ಬಲದ ಅಳತೆ) ಇದೆಯೇ ಎಂದು ಓದಿ ನೋಡಿ.

ಹಿಂದಿನ ಎರಡನ್ನು ಮಾತ್ರ ದೊಡ್ಡದು ಮಾಡುವ ಕೆಲಸಕ್ಕಂತೂ ಕೈ ಹಾಕಬೇಡಿ. ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಗಾಡಿಯಲ್ಲಿ ಕಂಪನಿ ಕೊಟ್ಟ ಹಿಂದುಮುಂದಿನ ಎತ್ತರದ ಅನುಪಾತ ತಪ್ಪಿದರೆ ಗೇರುಗಳು ಒಂದಕ್ಕೊಂದು ಎದುರಾಗಿ ಸವೆಯುತ್ತವೆ.

ಈ ಮುಂಗಾರಿಗೆ ನಾನು ಮುಂದೆ 26×9-12, ಹಿಂದೆ 26×11-12 ಹಾಕಿಸುತ್ತಿದ್ದೇನೆ. ಅದರ ಜೊತೆಗೆ ಕಡಿಮೆ ಒತ್ತಡ ಅಳೆಯುವ ಸಣ್ಣ ಗೇಜನ್ನೂ ಕೊಂಡಿದ್ದೇನೆ, ಏಕೆಂದರೆ ಈ ಟೈರುಗಳಿಗೆ ಬೇಕಾಗುವ ಗಾಳಿಯ ಒತ್ತಡ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ ಮಾತ್ರ, ಕಾರಿನ 30ಕ್ಕೆಂದು ಮಾಡಿದ ಗೇಜಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ.