ಇದು ಯಾವ ಹಕ್ಕಿ?

ಮಾನ್ಯ ಅಧ್ಯಕ್ಷರೇ, ನಾಳೆ ಬೆಳಿಗ್ಗೆ ಗೋಡೆಯ ಮುಂದೆ ನಿಲ್ಲಲಿರುವ ಕಲಾವಿದ ಗೆಳೆಯರೇ, ಹಕ್ಕಿ ನೋಡುವ ಹವ್ಯಾಸದ ಬಂಧುಗಳೇ,

ಬಣ್ಣದ ಡಬ್ಬಿ ಹಿಡಿಯುವವರೂ ದುರ್ಬೀನು ಹಿಡಿಯುವವರೂ ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕ ಕುಳಿತಿರುವುದು ಅಪರೂಪ. ಬೀದಿಗೋಡೆಯ ಚಿತ್ರ ಕಲೆಯೋ ಅಥವಾ ಗೋಡೆ ಕೆಡಿಸುವ ಕೆಲಸವೋ ಎಂಬ ಹಳೆಯ ಜಗಳವನ್ನು ನಿಮ್ಮ ಮುಂದೆ ಮತ್ತೆ ಬಿಚ್ಚುವ ಅಗತ್ಯವಿಲ್ಲ. ಆ ಜಗಳ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾಳೆ ಗೋಡೆಯ ಮೇಲೆ ಹಕ್ಕಿ ಬರೆಯುವ ಕೆಲಸ ಶುರುವಾಗುವ ಮುನ್ನ ನಿಮ್ಮಲ್ಲಿ ಒಂದೇ ಒಂದು ಮಾತನ್ನು ಒತ್ತಿ ಹೇಳಬೇಕೆಂದು ಬಂದಿದ್ದೇನೆ. ಅದನ್ನು ಹೇಳುವ ಮೊದಲು, ಆ ಮಾತು ನನ್ನ ತಲೆಗೆ ಹೊಕ್ಕ ಸಂಜೆಯ ಬಗ್ಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ತರುಣರ ತಂಡವೊಂದು ಉದ್ದನೆಯ ಗೋಡೆಯೊಂದರ ಮೇಲೆ ಹಕ್ಕಿಯ ಚಿತ್ರ ಬರೆಯುತ್ತಿತ್ತು. ನಾನು ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ನೋಡುತ್ತಿದ್ದೆ. ರೆಕ್ಕೆ ಎರಡಾಳೆತ್ತರ ಇತ್ತು. ನೀಲಿ, ಕಿತ್ತಳೆ, ನೇರಳೆ ಬಣ್ಣಗಳು ಒಂದರೊಳಗೊಂದು ಕರಗುತ್ತಿದ್ದ ರೀತಿಯಲ್ಲಿ ನಿಜವಾದ ಕೈಚಳಕವಿತ್ತು. ಶಾಲೆಯಿಂದ ಮರಳುತ್ತಿದ್ದ ಹುಡುಗಿಯೊಬ್ಬಳು ಬ್ಯಾಗು ಕೆಳಗಿಳಿಸಿ, ಬಹಳ ಹೊತ್ತು ನೋಡಿ, "ಅಣ್ಣಾ, ಇದು ಯಾವ ಹಕ್ಕಿ?" ಎಂದು ಕೇಳಿದಳು. ಏಣಿಯ ಮೇಲಿದ್ದ ಹುಡುಗ ಪ್ರೀತಿಯಿಂದಲೇ, "ಸುಮ್ಮನೆ ಒಂದು ಹಕ್ಕಿ ಪುಟ್ಟಾ" ಎಂದ. ಅವಳು ಇನ್ನೊಂದು ಕ್ಷಣ ನಿಂತು, ಬ್ಯಾಗು ಎತ್ತಿಕೊಂಡು ಹೊರಟುಹೋದಳು. ಹೆಸರು ಸಿಕ್ಕಿದ್ದರೆ ಅವಳ ಮುಂದಿನ ಪ್ರಶ್ನೆ ಏನಾಗಿರುತ್ತಿತ್ತು? ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ನಾನು ನೋಡಬಹುದೇ ಎಂದು ಕೇಳುತ್ತಿದ್ದಳೇನೋ. ಆ ಪ್ರಶ್ನೆಗಳೆಲ್ಲ ಹುಟ್ಟುವ ಮುನ್ನವೇ ಅಲ್ಲಿ ಮುಗಿದುಹೋದವು.

ಗೆಳೆಯರೇ, ಸುಮ್ಮನೆ ಒಂದು ಹಕ್ಕಿ ಎಂಬುದು ಈ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಮಿಂಚುಳ್ಳಿ ಇದೆ, ಮರಕುಟಿಗ ಇದೆ, ಸೂರಕ್ಕಿ ಇದೆ. ಗೋಡೆಯ ಮೇಲೆ ಬರೆಯುವ ಹಕ್ಕಿ ಇಂಥದೇ ಹಕ್ಕಿಯಾಗಿರಬೇಕು ಎಂಬುದೇ ನನ್ನ ಮಾತು. ಇದನ್ನು ಈ ಒಂದು ಗಂಟೆಯಲ್ಲಿ ಹಲವು ಸಲ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಗೋಡೆಗೂ ಹಕ್ಕಿಗೂ ಇರುವ ನಂಟು ಸ್ಪ್ರೇ ಕ್ಯಾನಿಗಿಂತ ಬಹಳ ಹಳೆಯದು. ಈಜಿಪ್ಟಿನ ಮೈದುಮ್‌ನಲ್ಲಿ ನೆಫರ್‌ಮಾತ್ ಮತ್ತು ಆತನ ಹೆಂಡತಿ ಇತೆತ್ ಅವರ ಸಮಾಧಿಯ ಗೋಡೆಯಲ್ಲಿ, ಸುಮಾರು 4,600 ವರ್ಷಗಳ ಹಿಂದೆ, ಹೆಸರು ಉಳಿಯದ ಒಬ್ಬ ಚಿತ್ರಕಾರ ಆರು ಹೆಬ್ಬಾತುಗಳನ್ನು ಬರೆದ. ಮೂರು ಒಂದು ಕಡೆಗೆ ಮುಖ ಮಾಡಿವೆ, ಮೂರು ಇನ್ನೊಂದು ಕಡೆಗೆ. ಈಗ ಅವು ಕೈರೋದ ವಸ್ತುಸಂಗ್ರಹಾಲಯದಲ್ಲಿವೆ. ಎದೆಯ ಪಟ್ಟೆ ಎಲ್ಲಿ ಮುಗಿಯುತ್ತದೆ, ಕೆನ್ನೆಯ ಬಣ್ಣ ಎಲ್ಲಿ ತೊಡಗುತ್ತದೆ ಎಂಬುದನ್ನು ಆತ ಎಷ್ಟು ಎಚ್ಚರದಿಂದ ನೋಡಿ ಬರೆದಿದ್ದಾನೆಂದರೆ, 2021ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಆಂಥೊನಿ ರೊಮಿಲಿಯೊ ಅವರು ಆ ಚಿತ್ರದ ಒಂದು ಜೋಡಿಯನ್ನು ಇಂದಿನ ಹೆಬ್ಬಾತುಗಳೊಂದಿಗೆ ಗುರುತಿಗೆ ಗುರುತು ಹೋಲಿಸಿ, ಇದುವರೆಗೆ ನಾವು ಕೆಂಪೆದೆಯ ಹೆಬ್ಬಾತು ಎಂದು ತಿಳಿದದ್ದು ಅದಲ್ಲ, ಈಗ ಬದುಕಿರುವ ಯಾವ ಹೆಬ್ಬಾತಿಗೂ ಅದು ಹೊಂದುವುದಿಲ್ಲ, ಅಳಿದುಹೋದ ಒಂದು ಜಾತಿಯ ಚಿತ್ರ ಇದಾಗಿರಬಹುದು ಎಂದು ವಾದಿಸಿದರು. ಈ ವಾದವನ್ನು ಒಪ್ಪುವುದು ಬಿಡುವುದು ತಜ್ಞರಿಗೆ ಸೇರಿದ್ದು. ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ: ಆ ಚಿತ್ರಕಾರ ಸುಮ್ಮನೆ ಆರು ಬಾತುಗಳನ್ನು ಬರೆದಿದ್ದರೆ ಇಂಥದೊಂದು ವಾದ ಹುಟ್ಟಲು ಜಾಗವೇ ಇರುತ್ತಿರಲಿಲ್ಲ.

ಅದೇ ನಾಡಿನ ಅಮರ್ನಾದ ಉತ್ತರ ಅರಮನೆಯ ಒಂದು ಕೋಣೆಯೂ ಹೀಗೆಯೇ. ಸುಮಾರು 3,300 ವರ್ಷಗಳ ಹಿಂದಿನ ಆ ಗೋಡೆಯ ಮೂಲ ಚಿತ್ರ ಕೆಟ್ಟುಹೋಗಿದೆ. ಆದರೆ 1920ರ ದಶಕದಲ್ಲಿ ನೀನಾ ಡಿ ಗ್ಯಾರಿಸ್ ಡೇವೀಸ್ ಮಾಡಿಟ್ಟ ಪ್ರತಿಯನ್ನು ನೋಡಿ, 2022ರಲ್ಲಿ ಸಂಶೋಧಕರು ಜೊಂಡಿನ ನಡುವಿನ ಕಪ್ಪುಬಿಳಿ ಮಿಂಚುಳ್ಳಿಯನ್ನು, ಪಾರಿವಾಳಗಳನ್ನು, ಕೆಂಪುಬೆನ್ನಿನ ಕಳಿಂಗ ಹಕ್ಕಿಯನ್ನು, ಬಿಳಿ ಸಿಪಿಲೆಯನ್ನು ಹೆಸರು ಹಿಡಿದು ಗುರುತಿಸಿದರು. ಅರಮನೆ ನೆಲಸಮವಾಯಿತು, ಸಿಪಿಲೆ ಸಿಪಿಲೆಯಾಗಿಯೇ ಉಳಿಯಿತು.

ಸಮಾಧಿಯ ಗೋಡೆಯನ್ನು ದಾರಿಹೋಕರು ನೋಡುವುದಿಲ್ಲ, ಬೀದಿಯ ಗೋಡೆಯ ಧರ್ಮವೇ ಬೇರೆ ಎಂದು ನೀವು ಹೇಳಬಹುದು. ಹೌದು, ಬೀದಿಗೇ ಬರೋಣ. ನ್ಯೂಯಾರ್ಕಿನ ಹಾರ್ಲೆಮ್ ಮತ್ತು ವಾಷಿಂಗ್ಟನ್ ಹೈಟ್ಸ್ ಬಡಾವಣೆಗಳಲ್ಲಿ 2014ರಲ್ಲಿ ಶುರುವಾದ ಆಡಬಾನ್ ಮ್ಯೂರಲ್ (ಗೋಡೆಚಿತ್ರ) ಯೋಜನೆ ನಿಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡಬಾನ್ ತನ್ನ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿಯೇ, 1851ರಲ್ಲಿ ತೀರಿಕೊಂಡ ಮೇಲೆ ಅವನನ್ನು ಮಣ್ಣು ಮಾಡಿದ್ದೂ ಅಲ್ಲಿಯೇ. ಅವನ ಹೆಸರಿನ ಸಂಸ್ಥೆ, ಯೋಜನೆ ಶುರುವಾದ 2014ರಲ್ಲೇ, ಉತ್ತರ ಅಮೆರಿಕದ 588 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿ, ಅವುಗಳಲ್ಲಿ 314 ಜಾತಿಗಳು 2080ರೊಳಗೆ ಹವಾಮಾನ ಬದಲಾವಣೆಯಿಂದ ತಮ್ಮ ಈಗಿನ ನೆಲೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳೆದುಕೊಳ್ಳಬಹುದು ಎಂದು ವರದಿ ಮಾಡಿತ್ತು. ಆ ಹಕ್ಕಿಗಳನ್ನು ಒಂದೊಂದಾಗಿ ಬೀದಿಗೆ ತರುವುದು ಯೋಜನೆಯ ಆಸೆ. 2019ರ ವರದಿಯಲ್ಲಿ ಅಪಾಯದಲ್ಲಿರುವ ಜಾತಿಗಳ ಸಂಖ್ಯೆ 389ಕ್ಕೆ ಏರಿತು. ಗೋಡೆಗಳು ಪಟ್ಟಿಯ ಹಿಂದೆ ಓಡುತ್ತಿವೆ, ಪಟ್ಟಿ ಮುಂದೆ ಓಡುತ್ತಿದೆ.

ಅಲ್ಲಿ ಬಹಳಷ್ಟು ಚಿತ್ರಗಳನ್ನು ಅಂಗಡಿಗಳ ರೋಲಿಂಗ್ ಶಟರ್‌ಗಳ ಮೇಲೆ ಬರೆದಿದ್ದಾರೆ. ಹಗಲು ಅಂಗಡಿ ತೆರೆದಾಗ ಹಕ್ಕಿ ಸುರುಳಿ ಸುತ್ತಿಕೊಂಡು ಮೇಲೆ ಹೋಗಿಬಿಡುತ್ತದೆ, ರಾತ್ರಿ ಬಾಗಿಲು ಹಾಕಿದಾಗ ಇಳಿದು ಬಂದು ಕೂರುತ್ತದೆ. ಗೂಬೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ಅಲ್ಲಿನ ದೊಡ್ಡ ಚಿತ್ರವೊಂದರಲ್ಲಿ, ಲೂನಾರ್ ನ್ಯೂ ಇಯರ್ ಎಂಬ ಹೆಸರಿನಲ್ಲಿ ಬರೆಯುವ ಕಲಾವಿದ, ಕವಲುಬಾಲದ ಒಂದು ಹದ್ದಿನ ಆಕೃತಿಯೊಳಗೆ ಬೇರೆ ಹಲವು ಹಕ್ಕಿಗಳನ್ನು ಸೇರಿಸಿದ್ದಾರೆ. ದೂರದಿಂದ ಒಂದು ಹದ್ದು, ಹತ್ತಿರ ಹೋದರೆ ಒಂದು ಸಂತೆ. ಆದರೂ ಅದರೊಳಗಿನ ಪ್ರತಿಯೊಂದಕ್ಕೂ ತನ್ನದೇ ಹೆಸರಿದೆ.

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ. ಬೆಲ್ಜಿಯಂನ ಘೆಂಟ್ ನಗರದ ರೋವಾ ಎಂಬ ಕಲಾವಿದ ಕಪ್ಪುಬಿಳುಪಿನಲ್ಲಿ, ಗೆರೆಯ ಮೇಲೆ ಗೆರೆ ಎಳೆದು, ಮೂರು ನಾಲ್ಕು ಅಂತಸ್ತಿನ ಪ್ರಾಣಿಪಕ್ಷಿಗಳನ್ನು ಬರೆಯುವುದು ನಿಮಗೆ ಗೊತ್ತು. ಲಂಡನ್ನಿನ ಹ್ಯಾನ್‌ಬರಿ ಸ್ಟ್ರೀಟ್‌ನಲ್ಲಿ ಆತ ಕಟ್ಟಡವೊಂದರ ಪಕ್ಕದ ಗೋಡೆಯ ಮೇಲೆ ನಿಲ್ಲಿಸಿದ ಉದ್ದ ಕಾಲಿನ ಹಕ್ಕಿಯ ಬಗ್ಗೆ ಆ ಬೀದಿಯಲ್ಲಿ ಒಂದು ಕಥೆ ಹೇಳುತ್ತಾರೆ. ಆತ ಮೊದಲು ಬರೆಯಲು ಹೊರಟದ್ದು ಬಕವನ್ನಂತೆ. ಆ ಪ್ರದೇಶದಲ್ಲಿ ಬಂಗಾಳಿಗಳು ಹೆಚ್ಚು. ಕೆಲಸ ನಡೆಯುತ್ತಿದ್ದಾಗ ಒಬ್ಬರಾದ ಮೇಲೆ ಒಬ್ಬರು ಬಂದು, "ಇದು ಕ್ರೌಂಚ ತಾನೇ?" ಎಂದು ಕೇಳಿದರಂತೆ, ಅವರಿಗೆ ಕ್ರೌಂಚ ಪೂಜ್ಯವಾದ ಹಕ್ಕಿ. ಕೇಳಿದವರ ಕಣ್ಣಿನಲ್ಲಿದ್ದ ಆಸೆಯನ್ನು ನೋಡಿ ರೋವಾ ತನ್ನ ಬಕವನ್ನು ಕ್ರೌಂಚವಾಗಿ ತಿದ್ದಿದನಂತೆ.

ಇದು ಎಷ್ಟು ನಿಜ, ಎಷ್ಟು ಬಾಯಿಂದ ಬಾಯಿಗೆ ಬೆಳೆದದ್ದು ಎಂಬ ಲೆಕ್ಕ ಹಾಗಿರಲಿ. ಚಿತ್ರಕಾರನ ಕಣ್ಣಿನಿಂದ ಒಮ್ಮೆ ಯೋಚಿಸಿ. ಬಕವನ್ನು ಕ್ರೌಂಚ ಮಾಡಲು ಏನನ್ನು ತಿದ್ದಬೇಕು? ಬಕದ ಕೊಕ್ಕು ಮೀನು ಹಿಡಿಯುವ ಉದ್ದನೆಯ ಚೂರಿ, ಕ್ರೌಂಚದ್ದು ಅಷ್ಟು ಉದ್ದವಿಲ್ಲ. ಬಕ ಹಾರುವಾಗ ಕತ್ತನ್ನು ಮಡಚಿ ಹೆಗಲ ನಡುವೆ ಇಟ್ಟುಕೊಳ್ಳುತ್ತದೆ, ಕ್ರೌಂಚ ಕತ್ತನ್ನು ನೇರವಾಗಿ ಮುಂದೆ ಚಾಚಿ ಹಾರುತ್ತದೆ. ನಿಂತ ಕ್ರೌಂಚದ ಹಿಂಭಾಗದಲ್ಲಿ ಗರಿಗಳು ಬಾಲವನ್ನು ಮುಚ್ಚಿ ಕುಚ್ಚಿನಂತೆ ಇಳಿಬಿದ್ದಿರುತ್ತವೆ. ನಾವು ಈ ಉದ್ದ ಕಾಲಿನವನ್ನೆಲ್ಲ ಒಟ್ಟಿಗೆ ಕೊಕ್ಕರೆ ಎಂದು ಕರೆದು ಮುಗಿಸಿಬಿಡುತ್ತೇವೆ. ಆ ಬೀದಿಯ ಜನ ಹಾಗೆ ಮುಗಿಸಲಿಲ್ಲ. ಅವರು ಹೆಸರು ಕೇಳಿದರು, ಕೇಳಿದ್ದರಿಂದ ಗೋಡೆಯ ಮೇಲಿನ ಕೊಕ್ಕು ಬದಲಾಯಿತು. ನಾನು ಹೇಳಿದ ಹುಡುಗಿಯೂ ಇದನ್ನೇ ಕೇಳಿದ್ದಳು.

ಕುಂಚದ ಕೆಲಸದ ಬಗ್ಗೆ ಎರಡು ಮಾತು. ಮಿಂಚುಳ್ಳಿಯ ನೀಲಿಗೆ ತಕ್ಕ ಬಣ್ಣ ಡಬ್ಬಿಯಲ್ಲಿ ಸಿಗುವುದಿಲ್ಲ ಎಂದು ನಿಮ್ಮಲ್ಲಿ ಹಲವರು ಬೇಸರಪಡುವುದನ್ನು ಕೇಳಿದ್ದೇನೆ. ಸಿಗದಿರುವುದಕ್ಕೆ ಕಾರಣವಿದೆ: ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಗರಿಯ ಒಳಗಿನ ಅತಿ ಸೂಕ್ಷ್ಮವಾದ ರಚನೆ ಬೆಳಕನ್ನು ಚದುರಿಸುವುದರಿಂದ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ; ಗರಿಯನ್ನು ಅರೆದರೆ ನೀಲಿ ಪುಡಿ ದೊರೆಯುವುದಿಲ್ಲ. ಹಾಗಾಗಿ ಇನ್ನಷ್ಟು ದುಬಾರಿಯ ನೀಲಿಯನ್ನು ಹುಡುಕುವ ಬದಲು ಆ ಹಕ್ಕಿಯ ಹೊಟ್ಟೆಯನ್ನು ನೋಡಿ. ಅಲ್ಲಿರುವ ಕಿತ್ತಳೆಯನ್ನು ನೀಲಿಯ ಅಂಚಿಗೆ ಸರಿಯಾಗಿ ಕೂಡಿಸಿದರೆ ಸಾಧಾರಣ ನೀಲಿಯೂ ಉರಿಯತೊಡಗುತ್ತದೆ. ಕಾಲುಗಳ ವಿಷಯವೂ ಹೀಗೆಯೇ. ಹೆಚ್ಚಿನ ಹಾಡುಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಗಿಳಿಗೂ ಬಹುಪಾಲು ಮರಕುಟಿಗಗಳಿಗೂ ಎರಡು ಮುಂದೆ, ಎರಡು ಹಿಂದೆ. ಸ್ವಿಫ್ಟ್ ಹಕ್ಕಿಯನ್ನು ತಂತಿಯ ಮೇಲೆ ಕೂರಿಸಿ ಬರೆಯಬೇಡಿ, ಅದರ ಕಾಲು ತಂತಿಯ ಮೇಲೆ ಕೂರಲು ಆಗಿಬರುವಂಥದಲ್ಲ. ಅದು ಗೋಡೆಗೆ ಅಂಟಿ ಜೋತುಬೀಳುವ ಹಕ್ಕಿ. ಹತ್ತು ಮೀಟರ್ ಎತ್ತರಕ್ಕೆ ಹಿಗ್ಗಿಸಿದಾಗ ಸಣ್ಣ ತಪ್ಪೂ ಹತ್ತು ಮೀಟರ್ ಎತ್ತರವಾಗುತ್ತದೆ.

ಹೆಸರಿಲ್ಲದ ಹಕ್ಕಿಗೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಸಂಗ. 2014ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕ್ಲ್ಯಾಕ್ಟನ್ ಎಂಬ ಕಡಲತಡಿಯ ಊರಿನಲ್ಲಿ, ಉಪಚುನಾವಣೆಗೆ ಕೆಲವೇ ದಿನ ಇರುವಾಗ, ಬೀದಿಗೋಡೆಗಳ ಚಿತ್ರಕಾರ ಬ್ಯಾಂಕ್ಸಿ ಒಂದು ಚಿತ್ರ ಬರೆದ. ತಂತಿಯ ಮೇಲೆ ಐದು ಬೂದು ಪಾರಿವಾಳಗಳು, ಅವುಗಳ ಬಳಿ ಫಲಕಗಳು: ವಲಸಿಗರಿಗೆ ಸ್ವಾಗತವಿಲ್ಲ, ಆಫ್ರಿಕಕ್ಕೆ ಹಿಂದಿರುಗು, ನಮ್ಮ ಹುಳಗಳನ್ನು ಮುಟ್ಟಬೇಡ. ಅದೇ ತಂತಿಯ ಮೇಲೆ ಸ್ವಲ್ಪ ದೂರದಲ್ಲಿ ಹಸಿರು ಛಾಯೆಯ ಒಂದು ಪುಟ್ಟ ಹಕ್ಕಿ ಒಂಟಿಯಾಗಿ ಕುಳಿತಿತ್ತು. ಪತ್ರಿಕೆಗಳು ಅದನ್ನು ಸ್ವಾಲೋ ಎಂದು ಬರೆದವು, ನಾವು ಅಂಬರಗುಬ್ಬಿ ಎನ್ನುವ ಹಕ್ಕಿ. ಜನಾಂಗದ್ವೇಷದ ಬರಹವೆಂದು ದೂರು ಬಂತು, ಸ್ಥಳೀಯ ಆಡಳಿತ ಅದನ್ನು ಅಳಿಸಿಹಾಕಿತು. ಬರೆದವನು ಬ್ಯಾಂಕ್ಸಿ ಎಂದು ತಿಳಿದಾಗ ಗೋಡೆ ಖಾಲಿಯಾಗಿತ್ತು.

ಇದನ್ನು ಅಧಿಕಾರಿಗಳ ಆತುರದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಆ ಒಂಟಿ ಹಕ್ಕಿ. ಇಂಗ್ಲೆಂಡಿನ ಸ್ವಾಲೋ ಹುಟ್ಟುವುದು ಇಂಗ್ಲೆಂಡಿನ ಕೊಟ್ಟಿಗೆಯ ತೊಲೆಯ ಮೇಲೆಯೇ. ಚಳಿಗಾಲಕ್ಕೆ ಆಫ್ರಿಕದ ದಕ್ಷಿಣಕ್ಕೆ ಹೋಗುತ್ತದೆ, ವಸಂತದಲ್ಲಿ ಹುಟ್ಟೂರಿಗೆ ಮರಳುತ್ತದೆ. ಅದನ್ನು ಆಫ್ರಿಕಕ್ಕೆ ಹಿಂದಿರುಗು ಎನ್ನುವ ಪಾರಿವಾಳಗಳ ಮಾತು ಎಷ್ಟು ಪೊಳ್ಳು ಎಂಬುದು ಆ ಹಕ್ಕಿಯ ಬಾಳು ತಿಳಿದವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಹಸಿರು ಬಳಿದ ಆ ಹಕ್ಕಿ ಅಷ್ಟು ಸುಲಭವಾಗಿ ಸ್ವಾಲೋ ಎಂದು ಗುರುತು ಹತ್ತುವಂತಿರಲಿಲ್ಲ. ನೋಡಿದವರು ಫಲಕವನ್ನಷ್ಟೇ ಓದಿದರು. ಚಿತ್ರದ ತಿರುಳು ಹಕ್ಕಿಯ ಹೆಸರಿನಲ್ಲಿತ್ತು. ಬ್ಯಾಂಕ್ಸಿಯ ಕಲೆಯನ್ನು ಬಹಳ ಗೌರವಿಸುವವನಾಗಿಯೂ ಈ ಒಂದು ವಿಷಯದಲ್ಲಿ ನನ್ನ ಅಸಮಾಧಾನವನ್ನು ಮುಚ್ಚಿಡಲಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೂ ಮೂರು ವಿಷಯಗಳನ್ನು ಬರೆದುಕೊಂಡು ಬಂದಿದ್ದೆ, ಅವನ್ನು ಅವಸರದಲ್ಲೇ ಹೇಳುತ್ತೇನೆ.

ಬಿಸಿಲಿಗೆ ಮೊದಲು ಮಾಸುವುದು ಹಲವು ಬಗೆಯ ಕೆಂಪು ಮತ್ತು ಹಳದಿಗಳು, ಕಾವಿಯಂಥ ಮಣ್ಣಿನ ಬಣ್ಣಗಳು ಬಹುಕಾಲ ತಾಳುತ್ತವೆ. ಕೆಂಪೆದೆಯ ಹಕ್ಕಿಯ ಎದೆ ಮಾಸಿದರೆ ಐದು ವರ್ಷದಲ್ಲಿ ಅದು ಬೇರೆ ಹಕ್ಕಿಯಾಗಿಬಿಡುತ್ತದೆ. ಆದ್ದರಿಂದ ಗುರುತಿಗೆ ಬೇಕಾದ ಭಾಗಕ್ಕೆ ತಾಳಿಕೆಯ ಬಣ್ಣವನ್ನೇ ಆರಿಸಿ.

ಎರಡನೆಯದು ಗಾಜು. ಕಟ್ಟಡಗಳ ಗಾಜಿಗೆ ಬಡಿದು ಅಮೆರಿಕವೊಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿಯಷ್ಟು ಹಕ್ಕಿಗಳು ಸಾಯುತ್ತವೆ ಎಂಬುದು 2014ರ ಅಂದಾಜು. ಗಾಜಿನ ಮೇಲೆ ಗಿಡುಗದ ಒಂದು ಚಿತ್ರ ಅಂಟಿಸಿದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಹಕ್ಕಿಗಳು ಅದಕ್ಕೆ ಹೆದರುವುದಿಲ್ಲ, ಪಕ್ಕದ ಖಾಲಿ ಗಾಜಿಗೆ ಹೋಗಿ ಬಡಿಯುತ್ತವೆ. ಐದು ಸೆಂಟಿಮೀಟರಿಗೊಂದರಂತೆ ಗಾಜಿನ ಹೊರಮೈಯ ತುಂಬ ಚುಕ್ಕೆ ಅಥವಾ ಗೆರೆ ಇದ್ದರೆ ತಪ್ಪಿಸಿಕೊಳ್ಳುತ್ತವೆ. ಷಿಕಾಗೋದ ಮೆಕಾರ್ಮಿಕ್ ಪ್ಲೇಸ್ ಕಟ್ಟಡಕ್ಕೆ ಬಡಿದು 2023ರ ಅಕ್ಟೋಬರಿನಲ್ಲಿ ಒಂದೇ ದಿನ ಸುಮಾರು ಸಾವಿರ ಹಕ್ಕಿಗಳು ಸತ್ತವು. ಮರುವರ್ಷ ಚುಕ್ಕೆಗಳ ಹೊದಿಕೆ ಅಂಟಿಸಿದ ಮೇಲೆ ಸಾವು ತೀರಾ ಇಳಿಯಿತು. ಚುಕ್ಕೆ ಇಡುವುದರಲ್ಲಿ ನಿಮಗಿಂತ ನುರಿತವರು ಯಾರಿದ್ದಾರೆ?

ಕೊನೆಯದು ನಾಳೆಯ ಗೋಡೆ. ಬಣ್ಣಕ್ಕೆ ಮುನ್ನ ನೀವು ಬಿರುಕುಗಳಿಗೆ ಗಾರೆ ತುಂಬುತ್ತೀರಿ. ಗುಬ್ಬಿ, ಸ್ವಿಫ್ಟ್‌ಗಳು ಗೂಡು ಕಟ್ಟುವುದು ಅಂಥ ಸಂದುಗಳಲ್ಲಿಯೇ. ಸ್ವಿಫ್ಟ್ ವರ್ಷ ವರ್ಷವೂ ಅದೇ ಸಂದಿಗೆ ಮರಳುತ್ತದೆ. ಗಾರೆ ಕಲಸುವ ಮೊದಲು ಒಂದು ಗಂಟೆ ಗೋಡೆಯ ಎದುರು ಸುಮ್ಮನೆ ಕುಳಿತು, ಯಾವ ಸಂದಿನೊಳಕ್ಕೆ ಯಾರು ಹೋಗಿಬರುತ್ತಾರೆ ಎಂದು ನೋಡಿ, ಆ ಸಂದಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದನ್ನು ಬಿಟ್ಟು ಉಳಿದದ್ದನ್ನು ಮುಚ್ಚಿ. ಹಾಗೆಯೇ ಚಿತ್ರವನ್ನು ಗೋಡೆಗೆ ಹಿಗ್ಗಿಸಲು ಚೌಕಳಿ ಎಳೆಯುವಾಗ ಕೆಳಗೆ, ಮಗುವಿನ ಕಣ್ಣಿನ ಎತ್ತರದಲ್ಲಿ, ಒಂದು ಚೌಕವನ್ನು ಖಾಲಿ ಬಿಡಿ. ಹಕ್ಕಿಯ ಹೆಸರನ್ನು ಅಲ್ಲಿ ಬರೆಯೋಣ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಮಸ್ಕಾರ.