ನೂರು ಗುಣಿಸು ನೂರು ಯಾಕೆ ಹತ್ತು ಸಾವಿರ ಆಗಲಿಲ್ಲ? ಎರಡು ಹಂತದ ಆಂಪ್ಲಿಫೈಯರ್ ಗೇನ್ ಲೆಕ್ಕ

[ಮೇಜಿನ ಮೇಲೆ ಸಣ್ಣ ಬೋರ್ಡ್. ಹಿನ್ನೆಲೆಯಲ್ಲಿ ಮಳೆ ಸದ್ದು.]

ನಮಸ್ಕಾರ. ಶಿರಸಿ ಮಳೆ ಕೇಳಿಸ್ತಾ ಇದೆ ಅಲ್ವಾ? ಕರೆಂಟ್ ಹೋಗುವ ಮೊದಲು ಲೆಕ್ಕ ಮುಗಿಸಿಬಿಡೋಣ.

ಈ ಬೋರ್ಡನ್ನು ನಮ್ಮೂರ ತಾಳಮದ್ದಳೆಗೆ ಅಂತ ಮಾಡಿದ್ದೆ. ಎರಡು ಬಿಸಿ 547 ಟ್ರಾನ್ಸಿಸ್ಟರ್. ಹೆಸರು ಬಿಸಿ, ಮುಟ್ಟಿದರೆ ತಣ್ಣಗೇ ಇರುತ್ತದೆ. ಎರಡೂ ಕಾಮನ್ ಎಮಿಟರ್ ಹಂತ, ಅಂದರೆ ಬೇಸ್‌ಗೆ ಕೊಟ್ಟ ಸಿಗ್ನಲ್ ಕಲೆಕ್ಟರ್‌ನಲ್ಲಿ ದೊಡ್ಡದಾಗಿ ಸಿಗುವ ಜೋಡಣೆ. ಒಂದೊಂದರ ಗೇನ್, ಅಂದರೆ ವೋಲ್ಟೇಜ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎನ್ನುವುದು, 100. ಗುಣಿಸಿದರೆ 10,000. ಜಂಬದಿಂದ ಹೊತ್ತುಕೊಂಡು ಹೋದೆ. ಭಾಗವತರು ಪದ ಎತ್ತಿದರು, ಹಾರ್ನ್‌ನಲ್ಲಿ ಪಿಸುಮಾತು. ಆ ರಾತ್ರಿ ಮೈಕ್ ಇಲ್ಲದೆಯೇ ಪ್ರಸಂಗ ಮುಗಿಯಿತು.

ಗುಣಿಸಿದ್ದು ತಪ್ಪಲ್ಲ. ಆ 100 ಎನ್ನುವುದು ಹಂತದ ಮುಂದೆ ಏನೂ ಜೋಡಿಸದೆ ಇದ್ದಾಗಿನ ಗೇನ್, ಅದನ್ನು ಮರೆತಿದ್ದೆ.

[ನಲ್ಲಿ ನೀರಿನ ದೃಶ್ಯ.]

ಬಚ್ಚಲಮನೆ ನಲ್ಲಿ ಪೂರ್ತಿ ಬಿಟ್ಟರೆ ಅಡುಗೆಮನೆ ನಲ್ಲಿ ಸಣ್ಣಗಾಗುತ್ತದಲ್ಲ, ಇದೂ ಹಾಗೇ. ಮುಂದಿನ ಹಂತ ಕರೆಂಟ್ ಎಳೆದರೆ ಹಿಂದಿನ ಹಂತದ ವೋಲ್ಟೇಜ್ ಕುಸಿಯುತ್ತದೆ. ಇದಕ್ಕೇ ಲೋಡಿಂಗ್ ಅನ್ನುವುದು.

[ಪರದೆಯ ಮೇಲೆ ಸರ್ಕ್ಯೂಟ್.]

ನನ್ನ ಬೋರ್ಡಿನಲ್ಲಿ ಪ್ರತಿ ಹಂತದ ಇನ್‌ಪುಟ್ ರೆಸಿಸ್ಟೆನ್ಸ್ 2 ಕಿಲೋ ಓಮ್. ಔಟ್‌ಪುಟ್ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಕಲೆಕ್ಟರ್ ರೆಸಿಸ್ಟರ್‌ನಷ್ಟೇ, 4.7 ಕಿಲೋ ಓಮ್. ಮೈಕ್ 600 ಓಮ್, ಕೊನೆಯಲ್ಲಿ 10 ಕಿಲೋ ಓಮ್ ಲೋಡ್. ಪ್ರತಿ ಜೋಡಣೆಯಲ್ಲೂ ಹಿಂದಿನ ರೆಸಿಸ್ಟೆನ್ಸ್, ಮುಂದಿನ ರೆಸಿಸ್ಟೆನ್ಸ್ ಎರಡೂ ವೋಲ್ಟೇಜ್ ಹಂಚಿಕೊಳ್ಳುತ್ತವೆ. ಮುಂದಿನದಕ್ಕೆ ಸಿಗುವ ಪಾಲು, ಅದನ್ನು ಎರಡರ ಮೊತ್ತದಿಂದ ಭಾಗಿಸಿದಷ್ಟು.

ಮೈಕ್ ಹತ್ತಿರ: 2 ಭಾಗಿಸು 2.6, ಅಂದರೆ 0.77.
ಎರಡು ಹಂತಗಳ ನಡುವೆ: 2 ಭಾಗಿಸು 6.7, ಬರೀ 0.30! ನನ್ನ ದನಿ ಹೋದದ್ದು ಇಲ್ಲೇ.
ಕೊನೆಗೆ: 10 ಭಾಗಿಸು 14.7, 0.68.

ಎಲ್ಲ ಗುಣಿಸಿ. 10,000 ಇದ್ದದ್ದು ಸುಮಾರು 1,560ಕ್ಕೆ ಇಳಿಯಿತು. ಕಾಮನ್ ಎಮಿಟರ್ ಗೇನ್‌ಗೆ ಮೈನಸ್ ಚಿಹ್ನೆ ಇರಬೇಕಲ್ಲ ಅಂತ ಕೇಳುವವರಿಗೆ: ಎರಡು ಹಂತವೂ ಸಿಗ್ನಲ್ ತಿರುಗಿಸುತ್ತವೆ, ಎರಡು ಸಲ ತಿರುಗಿ ನೆಟ್ಟಗಾಯಿತು.

ಡೆಸಿಬೆಲ್ (ಡಿಬಿ) ಎಂಬ ಲಾಗ್ ಅಳತೆಯಲ್ಲಾದರೆ ಸುಮ್ನೆ ಕೂಡಿಸಿ ಕಳೆಯುವುದಷ್ಟೇ. ಗೇನ್‌ನ ಲಾಗ್ ತೆಗೆದು 20ರಿಂದ ಗುಣಿಸಿದರೆ 100ಕ್ಕೆ 40 ಡಿಬಿ. 40 ಮತ್ತೆ 40, 80. ಅದರಲ್ಲಿ ಮೂರು ಕಡೆಯ ನಷ್ಟ 2.3, 10.5, 3.3 ಕಳೆಯಿರಿ. ಉಳಿದದ್ದು 63.9.

[ಹೊಸ ಟ್ರಾನ್ಸಿಸ್ಟರ್ ಬೆಸುಗೆ ಹಾಕುವ ದೃಶ್ಯ.]

ಈಗ ನನಗೆ ಬಹಳ ಇಷ್ಟವಾದ ಭಾಗ. ನಡುವೆ ಒಂದು ಎಮಿಟರ್ ಫಾಲೋವರ್, ಅಂದರೆ ಎಮಿಟರ್‌ನಿಂದ ಔಟ್‌ಪುಟ್ ತೆಗೆಯುವ ಹಂತ, ಹಾಕೋಣ. ಇದರ ಗೇನ್ 0.99, ಒಂದಕ್ಕಿಂತಲೂ ಕಡಿಮೆ! ಇದೇನು ದಂಡ ಅನಿಸುತ್ತದೆ. ಆದರೆ ಇನ್‌ಪುಟ್ 100 ಕಿಲೋ ಓಮ್, ಔಟ್‌ಪುಟ್ 50 ಓಮ್ ಇಟ್ಟರೆ ನಡುವಿನ 0.30 ಹೋಗಿ 0.92 ಆಗುತ್ತದೆ (100/104.7 × 0.99 × 2/2.05). ಒಟ್ಟು ಗೇನ್ ಮೂರು ಪಟ್ಟು ಜಾಸ್ತಿ. ತಾನು ಏನೂ ದೊಡ್ಡದು ಮಾಡದೆ ಪಕ್ಕದವರನ್ನು ದುಡಿಸುವ ಹಂತ ಇದು.

[ಆಸಿಲೋಸ್ಕೋಪ್ ಪರದೆ.]

ಫಾಲೋವರ್ ಇಲ್ಲದ ಹಳೇ ಬೋರ್ಡ್ ನೋಡಿ. ಮೈಕ್ ಬದಲು 600 ಓಮ್ ಮೂಲಕ 1 ಮಿಲಿವೋಲ್ಟ್ ಕೊಟ್ಟಿದ್ದೇನೆ. ಎರಡು ಹಂತಗಳನ್ನು ಜೋಡಿಸುವ ಕಪ್ಲಿಂಗ್ ಕೆಪಾಸಿಟರಿನ ಒಂದು ಕಾಲು ಬಿಚ್ಚಿದ್ದೇನೆ. ಮೊದಲ ಹಂತದ ಕಲೆಕ್ಟರ್‌ನಲ್ಲಿ 77 ಮಿಲಿವೋಲ್ಟ್. ಈಗ ಕಾಲು ಮುಟ್ಟಿಸುತ್ತೇನೆ... 23! ಮತ್ತೆ ಬಿಡುತ್ತೇನೆ, 77. ಮುಟ್ಟಿಸಿದೆ...

[ಪರದೆ ಕತ್ತಲು.]

ಹೋಯ್ತು ಕರೆಂಟು.