ಪದಕಗಳಾಚೆಗೆ ಅಲ್ರಿಕ್ ಕ್ರಾಸ್: ‘ಹೀರೋ’ ಚಿತ್ರ ಹೇಳಹೊರಟ ಬದುಕು

(ತೆರೆಯ ಮೇಲೆ: ಎರಡನೆಯ ಮಹಾಯುದ್ಧದ ಕಪ್ಪು-ಬಿಳುಪು ದೃಶ್ಯಗಳು)

ನಮಸ್ಕಾರ. ಟ್ರಿನಿಡಾಡಿನ ಅಲ್ರಿಕ್ ಕ್ರಾಸ್ ಅವರ ಜೀವನವನ್ನು ಆಧರಿಸಿ ಫ್ರಾನ್ಸಿಸ್-ಆನ್ ಸಾಲೊಮನ್ ನಿರ್ದೇಶಿಸಿದ ‘ಹೀರೋ’ ಚಿತ್ರವು 2018ರಲ್ಲಿ ಪ್ರದರ್ಶನ ಕಂಡಿತು. ಹೆಸರು ಕೇಳಿ ಬಾಂಬು, ಹೊಗೆ, ಪದಕಗಳ ಯುದ್ಧಚಿತ್ರವನ್ನು ನಿರೀಕ್ಷಿಸುವುದು ಸಹಜವಾದರೂ, ಇಲ್ಲಿ ಯುದ್ಧವು ಕಥೆಯ ಮೊದಲ ಘಟ್ಟ ಮಾತ್ರ.

1917ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಜನಿಸಿದ ಕ್ರಾಸ್ 1941ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸೇರಿದರು. ಯುರೋಪಿಯನ್ ವಂಶದವರಿಗಷ್ಟೇ ಮೀಸಲಾಗಿದ್ದ ಆ ಪಡೆಯ ಬಾಗಿಲು ಕರಿಯರಿಗೆ ತೆರೆದದ್ದು 1939ರಲ್ಲಿ, ಯುದ್ಧ ಆರಂಭವಾದ ನಂತರವೇ. ಗಂಡಾಂತರ ಬಂದಾಗ ಹುಟ್ಟಿದ ಔದಾರ್ಯವೆನ್ನಬೇಕು.

(ತೆರೆಯ ಮೇಲೆ: ಮಾಸ್ಕಿಟೊ ವಿಮಾನದ ಕಾಕ್‌ಪಿಟ್)

ವಿಮಾನ ಓಡಿಸುವುದು ಪೈಲಟ್‌ನ ಕೆಲಸ. ದಾರಿ ಹೇಳುವ ನ್ಯಾವಿಗೇಟರ್ ಕೆಲಸ ಕ್ರಾಸ್ ಅವರದು. ಮಾಸ್ಕಿಟೊ ಬಹುಪಾಲು ಮರದಿಂದ ಕಟ್ಟಿದ, ಇಬ್ಬರೇ ಕೂರುವ ವಿಮಾನ. ಪೈಲಟ್‌ನ ಬಲಕ್ಕೆ, ತುಸು ಹಿಂದೆ, ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟಿನಲ್ಲಿ ಕುಳಿತು, ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ, ಗಾಳಿಯು ವಿಮಾನವನ್ನು ಎಷ್ಟು ಪಕ್ಕಕ್ಕೆ ತಳ್ಳಿದೆಯೆಂದು ನಿಮಿಷನಿಮಿಷಕ್ಕೂ ಲೆಕ್ಕ ಹಾಕುತ್ತಿರಬೇಕಿತ್ತು. ಅವರಿದ್ದ 139ನೇ ಸ್ಕ್ವಾಡ್ರನ್ 1943ರಲ್ಲಿ ಪಾತ್‌ಫೈಂಡರ್ ಪಡೆಗೆ ಸೇರಿತು. ಬಾಂಬರ್‌ಗಳಿಗಿಂತ ಮುಂಚೆ ಹೋಗಿ, ಕತ್ತಲಲ್ಲಿ ಗುರಿಯ ಮೇಲೆ ಬಣ್ಣದ ಬೆಳಕು ಸುರಿಸಿ ಗುರುತು ಮಾಡುವುದು ಆ ಪಡೆಯ ಹೊಣೆ. ಲೆಕ್ಕ ಕೊಂಚ ತಪ್ಪಿದರೂ ಹಿಂದೆ ಬರುವವರೆಲ್ಲರ ದಾರಿ ತಪ್ಪುತ್ತಿತ್ತು. ಇಂಥ ಅಪಾಯದ ನಡುವೆ ಕ್ರಾಸ್ 80 ಕಾರ್ಯಾಚರಣೆಗಳನ್ನು ಪೂರೈಸಿ, ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಮತ್ತು ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಎಂಬ ಬ್ರಿಟಿಷ್ ಸೇನಾ ಗೌರವಗಳಿಗೆ ಪಾತ್ರರಾಗಿ, ಸ್ಕ್ವಾಡ್ರನ್ ಲೀಡರ್ ಹುದ್ದೆಗೇರಿದರು.

ಅಲ್ಲಿಗೇ ಚಿತ್ರ ಮುಗಿಸಿದ್ದರೆ ಬ್ರಿಟನ್ನಿಗೆ ನಿಷ್ಠನಾದ ವಸಾಹತಿನ ಯೋಧನೊಬ್ಬನ ಕಥೆಯಾಗಿ ಅದು ಸುಲಭವಾಗಿ ಮಾರಾಟವಾಗುತ್ತಿತ್ತು. ಸಾಲೊಮನ್ ಆ ಸುಲಭದ ದಾರಿ ಹಿಡಿಯಲಿಲ್ಲ. ಯುದ್ಧಾನಂತರ ಕಾನೂನು ಓದಿ ಬ್ಯಾರಿಸ್ಟರ್ ಆದ ಕ್ರಾಸ್, 1957ರಲ್ಲಿ ಸ್ವತಂತ್ರವಾದ ಘಾನಾಕ್ಕೆ ಹೋಗಿ ಸರ್ಕಾರಿ ವಕೀಲರಾದರು. ಅನಂತರ ಕ್ಯಾಮರೂನಿನಲ್ಲಿ ಅಟಾರ್ನಿ ಜನರಲ್, ತಾಂಜಾನಿಯಾದಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು. ಯಾವ ಸಾಮ್ರಾಜ್ಯದ ಸಮವಸ್ತ್ರ ತೊಟ್ಟು ಹೋರಾಡಿದ್ದರೋ, ಅದೇ ಸಾಮ್ರಾಜ್ಯ ಬಿಟ್ಟುಹೋದ ನಾಡುಗಳಲ್ಲಿ ಹೊಸ ನ್ಯಾಯವ್ಯವಸ್ಥೆ ಕಟ್ಟಲು ಕೈಜೋಡಿಸಿದರು. ನನ್ನ ಎಣಿಕೆಯಲ್ಲಿ ಈ ಚಿತ್ರದ ನಿಜವಾದ ವಸ್ತು ಇದೇ.

ಕ್ರಾಸ್ ಪಾತ್ರವನ್ನು ಟ್ರಿನಿಡಾಡಿನ ನಿಕೊಲಾಯ್ ಸಾಲ್ಸೆಡೊ ನಿರ್ವಹಿಸಿದ್ದಾರೆ. ನಟರ ದೃಶ್ಯಗಳ ನಡುವೆ ಹಳೆಯ ಸುದ್ದಿಚಿತ್ರಗಳ ತುಣುಕುಗಳನ್ನು ಹೆಣೆದಿರುವುದು ಕಡಿಮೆ ವೆಚ್ಚದ ಚಿತ್ರಕ್ಕೆ ಅನುಕೂಲವಾದ ಉಪಾಯವಷ್ಟೇ ಆಗಿ ಉಳಿದಿಲ್ಲ; ಘಾನಾದ ಸ್ವಾತಂತ್ರ್ಯ ಹೋರಾಟವನ್ನು ಮುನ್ನಡೆಸಿದ ಎನ್‌ಕ್ರೂಮಾ ಅವರಂಥ ನಾಯಕರ ಕಾಲವನ್ನು ಅದು ಹತ್ತಿರಕ್ಕೆ ತರುತ್ತದೆ. ಆದರೆ 96 ವರ್ಷಗಳ, ಮೂರು ಖಂಡಗಳ ಬದುಕನ್ನು ಒಂದೇ ಚಿತ್ರದಲ್ಲಿ ತುಂಬಿಸಹೊರಟಾಗ ಅವಸರ ತಪ್ಪದು. ಆಫ್ರಿಕಾದ ರಾಜಕೀಯದ ಪರಿಚಯವಿಲ್ಲದವರು ಘಾನಾ, ಕ್ಯಾಮರೂನ್, ತಾಂಜಾನಿಯಾಗಳ ಸ್ವಾತಂತ್ರ್ಯದ ಕಥೆಯನ್ನು ಸ್ವಲ್ಪ ಓದಿಕೊಂಡು ಚಿತ್ರಕ್ಕೆ ಕೂರುವುದು ಲೇಸು.